ಎಂಟು ಗೋಲ್‌ಕೀಪರ್‌ಗಳ ಕಾಲೇಜು

ಒಂದು ಸಾಕರ್ ಟೀಮಿಗೆ ಎಷ್ಟು ಜನ ಗೋಲ್‌ಕೀಪರ್ ಬೇಕು?

ಆಡುವವಳು ಒಬ್ಬಳು. ಅವಳ ಬೆರಳು ಮುರಿದರೆ ಇರಲಿ ಅಂತ ಇನ್ನೊಬ್ಬಳು. ತೀರಾ ಮುಂಜಾಗ್ರತೆಯ ಕೋಚ್ ಆದರೆ ಮೂರನೆಯವಳು. ಕಳೆದ ಮಾರ್ಚ್‌ನ ಒಂದು ಶನಿವಾರ, ಡಲ್ಲಾಸ್‌ಗೂ ಹೂಸ್ಟನ್‌ಗೂ ನಡುವೆ ಹೈವೇಯಿಂದ ಸಾಕಷ್ಟು ಒಳಗಿರುವ ಒಂದು ಪುಟ್ಟ ಖಾಸಗಿ ಕಾಲೇಜಿನ ಮೈದಾನದಲ್ಲಿ ನಿಂತು ನಾನು ಎಣಿಸಿದೆ. ಎಂಟು. ಅನುಮಾನ ಬಂದು ಇನ್ನೊಂದು ಸಲ ಎಣಿಸಿದೆ. ಎಂಟೇ. (ಗೋಲ್‌ಕೀಪರ್‌ಗಳ ಜೆರ್ಸಿ ಬಣ್ಣವೇ ಬೇರೆ, ಕೈಯಲ್ಲಿ ದಪ್ಪ ಗ್ಲೌಸ್. ತಪ್ಪು ಎಣಿಸುವ ಸಾಧ್ಯತೆ ಇಲ್ಲ.) ಗೋಲ್‌ಪೋಸ್ಟ್ ಮಾತ್ರ ಎರಡೇ ಇದ್ದವು.

ಒಂಬತ್ತನೆಯವಳಾಗಲು ಹೊರಟಿದ್ದ ನನ್ನ ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು.

ಮೊದಲಿಂದ ಹೇಳುತ್ತೇನೆ. ನಮ್ಮ ಮನೆ ಡಲ್ಲಾಸ್ ಹತ್ತಿರದ ಲಿಟಲ್ ಎಲ್ಮ್‌ನಲ್ಲಿ. ಮಗಳು ಪೂರ್ವಿ ಆಗ ಹನ್ನೆರಡನೇ ಕ್ಲಾಸು. ಹೈಸ್ಕೂಲ್ ಟೀಮಿನಲ್ಲಿ ಎರಡನೇ ಗೋಲ್‌ಕೀಪರ್. ಬಿಡಿಸಿ ಹೇಳಬೇಕೆಂದರೆ, ಬೆಂಚಿನ ಮೇಲೆ ಕೂರುವವಳು. ಮೊದಲನೆಯವಳಿಗೆ ಜ್ವರ ಬಂದಾಗ, ಮಂಡಿ ಉಳುಕಿದಾಗ ಇವಳಿಗೆ ಆಟ. ಇಂಥವಳಿಗೆ ಜನವರಿಯಲ್ಲಿ ಈ ಕಾಲೇಜಿನ ಮಹಿಳಾ ಸಾಕರ್ ಕೋಚ್ ಫೋನ್ ಮಾಡಿದರು. ಅವರ ಹೆಸರು ಮೆಲಿಸಾ ಅಂತಿಟ್ಟುಕೊಳ್ಳಿ. ಪೂರ್ವಿ ಆನ್‌ಲೈನ್‌ನಲ್ಲಿ ಹಾಕಿದ್ದ ತನ್ನ ಆಟದ ಎರಡು ನಿಮಿಷದ ವಿಡಿಯೊ ನೋಡಿದೆ, ಅದ್ಭುತವಾಗಿದೆ, ನಮ್ಮ ವಾರ್ಸಿಟಿ ಟೀಮಿಗೆ ನೀನು ಬೇಕೇ ಬೇಕು ಎಂದರಂತೆ. ವಾರ್ಸಿಟಿ ಅಂದರೆ ಕಾಲೇಜಿನ ಹೆಸರು ಎದೆಯ ಮೇಲೆ ಹಾಕಿಕೊಂಡು ಆಡುವ ಅಧಿಕೃತ ತಂಡ. ಸಾಮಾನ್ಯ ಮಾತಲ್ಲ.

ನನ್ನ ಗಂಡ ಗಿರೀಶ ಹುಬ್ಬಳ್ಳಿಯವರು. ಕಾಲೇಜಿನಲ್ಲಿ ಖೋ ಖೋ ಆಡಿದವರು. ಅವರ ಸಂಭ್ರಮ ಕೇಳಬೇಡಿ. ಸಂಜೆಯೊಳಗೆ ಕನ್ನಡ ಬಳಗದ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹೋಯಿತು. ಪ್ರಾಸ್ಪರ್‌ನಲ್ಲಿರುವ ಅವರ ಗೆಳೆಯರೊಬ್ಬರು ಸಂಸಾರ ಸಮೇತ ಬಂದು ಪೂರ್ವಿಗೆ ಹೊಸ ಗ್ಲೌಸ್ ಕೊಟ್ಟುಹೋದರು.

ನಾನು? ನಾನು ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮ್ ಪರೀಕ್ಷೆ ಮಾಡುವವಳು. ಆಲಿಕಲ್ಲು ಬಿದ್ದು ಛಾವಣಿ ಒಡೆಯಿತು ಎಂದು ಜನ ಫೋಟೋ ಕಳಿಸುತ್ತಾರೆ. ಒಡೆದದ್ದು ಆಲಿಕಲ್ಲಿಗೋ ಸುತ್ತಿಗೆಗೋ ಎಂದು ನೋಡುವುದು ನನ್ನ ಹೊಟ್ಟೆಪಾಡು. ಹನ್ನೊಂದು ವರ್ಷದಿಂದ ಅದೇ. ಹಾಗಾಗಿ ನನಗೆ ಬಂದ ಮೊದಲ ಯೋಚನೆ: ಇವಳೇ ಯಾಕೆ?

ಹಾಗಂತ ಗಿರೀಶನ ಹತ್ತಿರ ಬಾಯಿಬಿಟ್ಟೆ. "ಆಕಿ ಆಡ್ತಾಳ, ಅವರು ಕರದಾರ. ಇದರಾಗ ಡೌಟ್ ಪಡೋದು ಏನದ?" ಎಂದರು. ಮಗಳು ಮೆಟ್ಟಿಲ ಮೇಲೆ ನಿಂತಿದ್ದನ್ನು ನಾವಿಬ್ಬರೂ ನೋಡಿರಲಿಲ್ಲ.

ಫೆಬ್ರವರಿಯಲ್ಲಿ ಕಾಲೇಜಿನಿಂದ ಪತ್ರ ಬಂತು. ದಪ್ಪ ಕಾಗದ, ಚಿನ್ನದ ಬಣ್ಣದ ಮುದ್ರೆ. ಪೂರ್ವಿಗೆ ವಿಶೇಷ ಗೌರವ ಪುರಸ್ಕಾರ, ಫೀಸಿನಲ್ಲಿ ಅರ್ಧ ಮಾಫಿ. ಗಿರೀಶ ಅದನ್ನು ಫ್ರಿಜ್ ಮೇಲೆ ಅಂಟಿಸಿದರು. ನಾನು ಮಾಫಿಯ ನಂತರ ಉಳಿಯುವ ಅರ್ಧ ಎಷ್ಟು ಎಂದು ನೋಡಿದೆ. ಮನೆ ಹತ್ತಿರದ ಸರ್ಕಾರಿ ಯೂನಿವರ್ಸಿಟಿಯ ಪೂರ್ತಿ ಫೀಸಿಗಿಂತ ಅದು ಜಾಸ್ತಿ ಇತ್ತು.

ಆ ವಾರವೇ ಫ್ಲೂಗರ್‌ವಿಲ್‌ನಲ್ಲಿರುವ ನನ್ನ ಮೈಸೂರಿನ ಗೆಳತಿ ಸುಜಾತಾ ಫೋನ್ ಮಾಡಿದ್ದಳು. ಅವಳ ಮಗನಿಗೂ ಅದೇ ಕಾಲೇಜಿನಿಂದ ಪತ್ರವಂತೆ. ಅದೇ ಪುರಸ್ಕಾರ, ಅದೇ ಅರ್ಧ. ಅವನು ಯಾವ ಆಟ ಆಡುತ್ತಾನೆ ಎಂದು ಕೇಳಿದೆ. ಆಟ ಎಲ್ಲಿಂದ, ಟ್ರಾಂಬೋನ್ ಊದುತ್ತಾನೆ, ಕಾಲೇಜಿನ ಬ್ಯಾಂಡಿಗೆ ಕರೆದಿದ್ದಾರೆ ಎಂದಳು.

ವಿಶೇಷ ಗೌರವ ಅಂದರಲ್ಲ, ಯಾರಿಗೆ ವಿಶೇಷ?

ಈ ದೇಶದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಲಾಭಕ್ಕಲ್ಲದೆ ನಡೆಯುವ ಇಂಥ ಸಂಸ್ಥೆಗಳು ತೆರಿಗೆ ಇಲಾಖೆಗೆ ಕೊಡುವ ವಾರ್ಷಿಕ ವಿವರವನ್ನು ಯಾರು ಬೇಕಾದರೂ ತೆಗೆದು ಓದಬಹುದು. (ಯಾರೂ ಓದುವುದಿಲ್ಲ, ಅದು ಬೇರೆ ಮಾತು.) ನಾನು ಒಂದು ಇಡೀ ಭಾನುವಾರ ಕೂತು ಓದಿದೆ. ಕಾಲೇಜು ನಷ್ಟದಲ್ಲಿತ್ತು. ಅವರ ವೆಬ್‌ಸೈಟಿನ ಪ್ರಕಾರ ಪ್ರತಿ ವರ್ಷ ಹೊಸದೊಂದು ಆಟದ ಟೀಮ್ ಶುರುವಾಗುತ್ತಲೇ ಇತ್ತು. ಕುಸ್ತಿ, ಗಾಲ್ಫ್, ಮಹಿಳೆಯರ ವೇಟ್‌ಲಿಫ್ಟಿಂಗ್. ಕೊನೆಗೆ ಮೀನು ಹಿಡಿಯುವ ಟೀಮ್ ಕೂಡ.

ದುಡ್ಡಿಲ್ಲದ ಕಾಲೇಜು ಟೀಮ್ ಮೇಲೆ ಟೀಮ್ ಯಾಕೆ ಕಟ್ಟುತ್ತೆ? ಸ್ವಲ್ಪ ಹೊತ್ತು ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ದೊಡ್ಡ ಯೂನಿವರ್ಸಿಟಿಗಳು ಆಟಗಾರರಿಗೆ ದುಡ್ಡು ಕೊಟ್ಟು ಕರೆಯುತ್ತವೆ. ಇಲ್ಲಿ ಆಟಗಾರರೇ ದುಡ್ಡು ಕೊಟ್ಟು ಬರುತ್ತಾರೆ. ಓದಲಿಕ್ಕೆಂದೇ ಈ ಊರಿಗೆ ಬರುವ ಮಕ್ಕಳು ಕಮ್ಮಿ. ಇನ್ನೂ ನಾಲ್ಕು ವರ್ಷ ಆಡಬಹುದು ಎಂಬ ಆಸೆಗೆ ಬರುವವರು ಬೇಕಾದಷ್ಟು. ಅವರು ಫೀಸ್, ಹಾಸ್ಟೆಲ್, ಊಟ ಎಲ್ಲಕ್ಕೂ ಕಟ್ಟುತ್ತಾರೆ. ಕೋಚ್‌ಗೆ ಒಂದು ಸಂಬಳ, ಒಂದಷ್ಟು ಜೆರ್ಸಿ, ಒಂದು ಬಸ್ಸು. ಟೀಮ್ ಕಾಲೇಜಿಗೆ ಖರ್ಚಲ್ಲ, ಅದೇ ವರಮಾನ.

ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ನನಗೆ ಬೇಕಿದ್ದದ್ದೂ ಕಾನೂನಲ್ಲ. ಮನೆಯಲ್ಲಿ ಒಬ್ಬಳು ಹದಿನೇಳರ ಹುಡುಗಿ ಹೊಸ ಗ್ಲೌಸ್ ಹಾಕಿಕೊಂಡು ಗ್ಯಾರೇಜ್ ಗೋಡೆಗೆ ಚೆಂಡು ಎಸೆದು ಹಿಡಿಯುತ್ತಿದ್ದಳು. ಅವಳಿಗೆ ಇದನ್ನು ಹೇಗೆ ಹೇಳುವುದು?

ಹೇಳಲಿಲ್ಲ. ಹೋಗಿ ನೋಡೋಣ ಎಂದೆ. ಗಿರೀಶನಿಗೆ ಆಫೀಸಿನ ಕೆಲಸವಿತ್ತು. ನಾವಿಬ್ಬರೇ ಹೊರಟೆವು.

ಕಾಲೇಜು ನೋಡಲು ಚೆನ್ನಾಗಿತ್ತು. ಮೈದಾನಕ್ಕೆ ಹೊಸ ಕೃತಕ ಹುಲ್ಲು, ಡ್ರೆಸ್ಸಿಂಗ್ ರೂಮಿನಲ್ಲಿ ಪ್ರತಿಯೊಬ್ಬರ ಹೆಸರಿನ ಕಪಾಟು. ಲೈಬ್ರರಿಯ ಎರಡನೇ ಮಹಡಿಗೆ ಮಾತ್ರ ಬೀಗ. ಗಾಜಿನಿಂದ ಇಣುಕಿದೆ. ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು. ರಿಪೇರಿಯೇ ಎಂದು ಕೇಳಿದರೆ, ನಮ್ಮನ್ನು ಸುತ್ತಾಡಿಸುತ್ತಿದ್ದ ಹುಡುಗಿ ತಾನು ಸೇರಿದಾಗಿನಿಂದ ಹೀಗೇ ಇದೆ ಎಂದಳು.

ಆಮೇಲೆ ಮೈದಾನ. ಐವತ್ತಕ್ಕೆ ಹತ್ತಿರ ಹುಡುಗಿಯರು. ಎಂಟು ಗೋಲ್‌ಕೀಪರ್‌ಗಳು ಎರಡು ಪೋಸ್ಟಿನ ಮುಂದೆ ಕ್ಯೂ ನಿಂತಿದ್ದರು. ರೇಷನ್ ಅಂಗಡಿ ಮುಂದೆ ನಿಂತ ಹಾಗೆ. ಒಬ್ಬೊಬ್ಬರಿಗೂ ನಾಲ್ಕು ಚೆಂಡು, ಮತ್ತೆ ಕ್ಯೂ.

ಅವರಲ್ಲೊಬ್ಬಳು ಹೆಗಲಿಗೆ ಐಸ್ ಪ್ಯಾಕ್ ಕಟ್ಟಿಸಿಕೊಂಡು ನಾವು ನಿಂತಿದ್ದ ಕಡೆ ಬಂದು ಕೂತಳು. ಕೆಲ್ಸಿ ಅಂತ, ಹೂಸ್ಟನ್ ಕಡೆಯವಳು, ಮೂರನೇ ವರ್ಷ. ಎಷ್ಟು ಮ್ಯಾಚ್ ಆಡಿದ್ದೀಯ ಎಂದು ಪೂರ್ವಿ ಕೇಳಿದಳು. ಒಂದೂ ಇಲ್ಲವಂತೆ. ಬೇರೆ ಊರಿನ ಮ್ಯಾಚ್‌ಗೆ ಬಸ್ಸಿನಲ್ಲಿ ಅರ್ಧ ಟೀಮಿಗಷ್ಟೇ ಜಾಗ, ಅವಳು ಇದುವರೆಗೆ ಒಂದು ಸಲವೂ ಆ ಬಸ್ ಹತ್ತಿಲ್ಲ. ಮತ್ತೆ ಯಾಕೆ ಬಿಟ್ಟು ಹೋಗಲಿಲ್ಲ ಎಂದು ನಾನು ಬಾಯಿ ಹಾಕಿದೆ. ಗೆಳತಿಯರೆಲ್ಲ ಇಲ್ಲೇ ಇದ್ದಾರೆ, ಸಾಲವೂ ಆಗಿಹೋಗಿದೆ ಎಂದಳು. ಆಮೇಲೆ ಐಸ್ ಪ್ಯಾಕ್ ಸರಿಮಾಡಿಕೊಳ್ಳುತ್ತಾ, ಅಪ್ಪ ಪ್ರತಿ ಗುರುವಾರ ಫೋನ್ ಮಾಡಿ ಈ ವಾರ ಆಡುತ್ತೀಯಾ ಎಂದು ಕೇಳುತ್ತಾರೆ, ಈ ವಾರ ಇಲ್ಲ ಎಂದಷ್ಟೇ ಹೇಳುತ್ತೇನೆ ಎಂದಳು.



ಕೋಚ್ ಮೆಲಿಸಾ ನಮ್ಮನ್ನು ತಮ್ಮ ರೂಮಿಗೆ ಕರೆದುಕೊಂಡು ಹೋದರು. ಮೂವತ್ತು ದಾಟಿರದ ಹೆಂಗಸು, ಬಿಸಿಲಿಗೆ ಕೆಂಪಾದ ಮುಖ. ನೀರು ಕೊಟ್ಟರು. ನನ್ನ ಬ್ಯಾಗಿನಲ್ಲಿ ಹನ್ನೆರಡು ಪ್ರಶ್ನೆ ಬರೆದ ಹಾಳೆ ಇತ್ತು. ಕ್ಲೇಮ್‌ನಲ್ಲಿ ಸಿಕ್ಕಿಬಿದ್ದವರನ್ನು ಕೇಳುವ ಧಾಟಿಯ ಪ್ರಶ್ನೆಗಳು. ಒಳಗೊಳಗೆ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಹಾಳೆ ತೆಗೆಯುವಷ್ಟರಲ್ಲಿ ಪೂರ್ವಿ ಕೇಳಿದಳು. ಇಂಗ್ಲಿಷಿನಲ್ಲೇ, ಬಹಳ ಮೆತ್ತಗೆ.

"ಕೋಚ್, ನನ್ನ ವಿಡಿಯೊದಲ್ಲಿ ನಿಮಗೆ ಯಾವ ಸೇವ್ ಇಷ್ಟವಾಯಿತು?"

ಕೋಚ್ ನಕ್ಕರು. ಅವಳು ತಡೆದ ಗೋಲುಗಳೆಲ್ಲವೂ ಚೆನ್ನಾಗಿದ್ದವು ಎಂದರು. ಪೂರ್ವಿ ಕಾಯುತ್ತಾ ಕೂತಳು. ಕೋಚ್ ಕಂಪ್ಯೂಟರ್ ಕಡೆ ನೋಡಿದರು, ಕೈ ಮೌಸ್ ತನಕ ಹೋಗಿ ವಾಪಸ್ ಬಂತು. ಕೊನೆಗೆ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೂತರು.

"ನಾನು ನೋಡಿಲ್ಲ," ಎಂದರು. "ನನಗೆ ಪ್ರತಿ ವರ್ಷ ಇಷ್ಟು ಮಕ್ಕಳನ್ನು ಸೇರಿಸಬೇಕು ಅಂತ ಒಂದು ಸಂಖ್ಯೆ ಕೊಡ್ತಾರೆ. ಮ್ಯಾಚ್ ಸೋತರೆ ನನ್ನನ್ನು ಯಾರೂ ಏನೂ ಕೇಳಲ್ಲ. ಆ ಸಂಖ್ಯೆ ತಪ್ಪಿದರೆ ಕೆಲಸ ಇರಲ್ಲ."

ಅವರ ಸಹಾಯಕಿ ಒಂದು ಪಟ್ಟಿ ತಯಾರಿಸುತ್ತಾಳೆ, ಪಟ್ಟಿಯಲ್ಲಿದ್ದವರಿಗೆಲ್ಲ ಇವರು ಫೋನ್ ಮಾಡುತ್ತಾರೆ, ಎಲ್ಲರಿಗೂ ಅದೇ ಮಾತು ಹೇಳುತ್ತಾರೆ. ಇದನ್ನೂ ಅವರೇ ಹೇಳಿದರು. ಯಾಕೆ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಹುಶಃ ಅದಕ್ಕೆ ಮೊದಲು ಹಾಗೆ ಯಾರೂ ಕೇಳಿರಲಿಲ್ಲ. ಪೂರ್ವಿ ಥ್ಯಾಂಕ್ಸ್ ಹೇಳಿ ಎದ್ದಳು. ನನ್ನ ಹನ್ನೆರಡು ಪ್ರಶ್ನೆ ಬ್ಯಾಗಿನಲ್ಲೇ ಉಳಿದವು.

ವಾಪಸ್ ಬರುವಾಗ ನಾನು ತಡೆದುಕೊಳ್ಳಲಿಲ್ಲ. ಪತ್ರ, ಟ್ರಾಂಬೋನ್, ತೆರಿಗೆ ವಿವರ, ಮೀನು ಹಿಡಿಯುವ ಟೀಮ್, ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳಿದೆ. ನನಗೆ ಮೊದಲೇ ಗೊತ್ತಿತ್ತು ಎಂದು ಮೂರು ಸಲವಾದರೂ ಅಂದಿರಬೇಕು. ಪೂರ್ವಿ ಕಿಟಕಿ ಕಡೆ ಮುಖ ಮಾಡಿಕೊಂಡಿದ್ದಳು. ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ತಿರುಗಿದಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಅವತ್ತು ಕನ್ನಡದಲ್ಲಿ ಕೇಳಿದಳು.

"ಅಮ್ಮಾ, ನೀನು ನೋಡಿದ್ಯಾ ನನ್ನ ವಿಡಿಯೊ?"

ನೋಡಿರಲಿಲ್ಲ.

ಒಂದು ಕಾಲೇಜಿನ ನಾಲ್ಕು ವರ್ಷದ ತೆರಿಗೆ ವಿವರ ಅಡಿಟಿಪ್ಪಣಿ ಸಮೇತ ಓದಿದವಳು, ಮಗಳ ಎರಡು ನಿಮಿಷ ನೋಡಿರಲಿಲ್ಲ. ನೋಡಬೇಕು ಅಂತ ಅನಿಸಿಯೂ ಇರಲಿಲ್ಲ. ಕರೆದವರು ಕಳ್ಳರೇ ಇರಬೇಕು ಎಂದು ನಾನು ಮೊದಲ ದಿನವೇ ತೀರ್ಮಾನಿಸಿದ್ದು ಯಾಕೆ? ಅವರ ಬಗ್ಗೆ ನನಗೆ ಏನೋ ಗೊತ್ತಿತ್ತು ಅಂತಲ್ಲ. ನನ್ನ ಮಗಳನ್ನು ಯಾರಾದರೂ ನಿಜವಾಗಿ ಆರಿಸಿಕೊಳ್ಳಬಹುದು ಎಂಬುದು ನನ್ನ ತಲೆಗೇ ಬಂದಿರಲಿಲ್ಲ. ಇಲ್ಲ ಎಂದೆ. ಅವಳು ಮತ್ತೆ ಕಿಟಕಿಗೆ ತಿರುಗಿದಳು. ಆಮೇಲೆ ಸುಮಾರು ಹತ್ತು ದಿನ ಊಟಕ್ಕೆ ಕರೆದರೆ ಬರುತ್ತಿದ್ದಳು, ಅಷ್ಟೇ.

ಗಿರೀಶ ಫ್ರಿಜ್ ಮೇಲಿನ ಪತ್ರ ತೆಗೆದರು. ಬಳಗದವರು ಕೇಳಿದರೆ ಮಗಳು ಮನಸ್ಸು ಬದಲಾಯಿಸಿದಳು ಎಂದರು. ಸುಜಾತಾಗೆ ನಾನು ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು. ಮಗ ಆಗಸ್ಟ್‌ನಲ್ಲಿ ಅಲ್ಲೇ ಸೇರಿದ. ಅವನಿಗೆ ಟ್ರಾಂಬೋನ್ ಊದಬೇಕು, ಅಲ್ಲಿ ಊದಲು ಬಿಡುತ್ತಾರೆ, ಇನ್ನೇನು ಬೇಕು ಎನ್ನುತ್ತಾಳೆ. ಅವಳದೂ ತಪ್ಪೆಂದು ಹೇಳಲು ನನಗೆ ಈಗ ಧೈರ್ಯವಿಲ್ಲ.

ಪೂರ್ವಿ ಸರ್ಕಾರಿ ಯೂನಿವರ್ಸಿಟಿ ಸೇರಿದಳು. ಅಲ್ಲಿನ ವಾರ್ಸಿಟಿ ಟೀಮಿಗೆ ಅವಳು ಸಾಲುವುದಿಲ್ಲ, ಅವಳಿಗೂ ಅದು ಗೊತ್ತು. ಹಾಸ್ಟೆಲ್‌ನವರು ಸೇರಿ ಮಾಡಿಕೊಂಡ ಟೀಮಿನಲ್ಲಿ ಗೋಲ್‌ಕೀಪರ್. ಕೋಚ್ ಇಲ್ಲ, ಬಸ್ ಇಲ್ಲ, ಟೀ ಶರ್ಟ್ ಅವರವರದೇ. ಕಳೆದ ವಾರ ಬರುತ್ತೇನೆ ಎಂದೆ. ಬೇಕಾದರೆ ಬಾ ಎಂದಳು. ಹೋಗಿ ಬೇಲಿ ಪಕ್ಕ ನಿಂತು ಪೂರ್ತಿ ಆಟ ನೋಡಿದೆ. ನಾಲ್ಕು ಗೋಲು ಬಿಟ್ಟಳು. ಐದನೆಯದಕ್ಕೆ ಎಡಕ್ಕೆ ಜಿಗಿದು, ನೆಲಕ್ಕೆ ಸಮಾನಾಂತರವಾಗಿ ಮೈಚಾಚಿ ಒಂದೇ ಕೈಯಲ್ಲಿ ಚೆಂಡನ್ನು ಆಚೆ ತಳ್ಳಿದಳು. ನನ್ನ ಪಕ್ಕದಲ್ಲಿದ್ದ ಹುಡುಗನೊಬ್ಬ ಯಾರವಳು ಎಂದು ಗೆಳೆಯನನ್ನು ಕೇಳಿದ.

ನೋಡದೆ ಹೊಗಳಿದ ಕೋಚ್‌ಗೆ ಕೆಲಸ ಹೋಗುವ ಭಯವಿತ್ತು. ನೋಡದೆ ಅನುಮಾನಪಟ್ಟ ನನಗೆ ಯಾವ ನೆಪವಿತ್ತು?