ಗೌಡ್ತಿಯನ್ನು ಸಾಕಿದ ಸಾವಂತ್ರವ್ವ

ಸಾವಂತ್ರವ್ವ ದಿನಾ ಬೆಳಿಗ್ಗೆ ನಮ್ಮ ಮನೆಗೆ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಡಸಾಲೆಯ ಮೀನಿನ ತೊಟ್ಟಿಗೆ ಬೆರಳು ಅದ್ದಿ ನಾಲಿಗೆಯ ತುದಿಗೆ ಹಚ್ಚಿಕೊಳ್ಳುತ್ತಿದ್ದಳು. ಹಿತ್ತಲಿಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದು ತೀರ್ಪು ಕೊಡುತ್ತಿದ್ದಳು: “ಇವತ್ತ ಉಪ್ಪು ಜಾಸ್ತಿ ಆಗೇತ್ರಿ ಅಕ್ಕೋರ. ಎರಡ ತಂಬಗಿ ಸೀ ನೀರು ಹಾಕೂಣು.”

ನಾನು ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನನ್ನ ಗಂಡ ಹಲ್ಲಿನ ಡಾಕ್ಟರು. ಕೊಲ್ಹಾಪುರದಲ್ಲಿ ತಮ್ಮ ಗೆಳೆಯನ ಮನೆಯಲ್ಲಿ ಸಮುದ್ರದ ಮೀನು ಸಾಕಿದ್ದನ್ನು ನೋಡಿ ಬಂದವರಿಗೆ ಅದೇ ಗುಂಗು ಹಿಡಿಯಿತು. ಮುಂದಿನ ತಿಂಗಳೇ ಗಾಜಿನ ತೊಟ್ಟಿ, ಮೋಟಾರು, ಉಪ್ಪಿನ ಚೀಲ, ಎರಡು ಕ್ಲೌನ್ ಮೀನು ಎಲ್ಲಾ ಬಂದವು. ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟಿ. ದೊಡ್ಡದು ಹೆಣ್ಣು, ಬೆರಳುದ್ದ. ಸಣ್ಣದು ಗಂಡು, ಅದರ ಅರ್ಧ. ಒಂದು ಒಡೆದ ಮಣ್ಣಿನ ಕುಡಿಕೆಯನ್ನು ತೊಟ್ಟಿಯ ಮೂಲೆಯಲ್ಲಿ ಮಲಗಿಸಿದ್ದೆವು. ಮೊದಲ ವಾರವೇ ಹೆಣ್ಣು ಅದನ್ನು ತನ್ನದು ಮಾಡಿಕೊಂಡಿತು.

ತೊಟ್ಟಿಯ ಗಾಜು ಒರೆಸಲು ಯಾರು ಕೈ ಹಾಕಿದರೂ ಅದು ಬಾಣದ ಹಾಗೆ ಬಂದು ಕಚ್ಚುತ್ತಿತ್ತು. ದಿನಕ್ಕೆ ಹತ್ತು ಜನರ ಬಾಯಿಗೆ ಕೈ ಹಾಕುವ ನನ್ನ ಗಂಡ ಈ ಒಂದು ಬಾಯಿಗೆ ಹೆದರಿ, ಆ ಕೆಲಸವನ್ನು ಆಗಷ್ಟೇ ಮನೆಗೆಲಸಕ್ಕೆ ಸೇರಿದ್ದ ಸಾವಂತ್ರವ್ವನಿಗೆ ದಾಟಿಸಿದರು. ಮೊದಲ ದಿನ ಆಕೆಗೂ ಕಚ್ಚಿತು, ರಕ್ತ ಜಿನುಗಿತು. ಆಕೆ ಬೆರಳನ್ನು ಒಮ್ಮೆ ನೋಡಿಕೊಂಡು, “ಕೇಳದ ಒಳಗ ಹೋದಾಕಿ ನಾನು. ಅದರದೇನ ತಪ್ಪೈತ್ರಿ,” ಎಂದಳು. ಮರುದಿನದಿಂದ ಎಡಗೈಯಲ್ಲಿ ಕಟ್ಟಿಗೆಯ ಸೌಟು ಹಿಡಿದು ಕುಡಿಕೆಯ ಮುಂದೆ ಅಡ್ಡ ಇಡುತ್ತಿದ್ದಳು. ಮೀನು ಸೌಟಿನ ಮೇಲೆ ಸಿಟ್ಟು ತೀರಿಸಿಕೊಳ್ಳುವಷ್ಟರಲ್ಲಿ ಬಲಗೈಯಿಂದ ಗಾಜು ಒರೆಸಿ ಮುಗಿಸುತ್ತಿದ್ದಳು. ಹೆಣ್ಣಿಗೆ ಗೌಡ್ತಿ ಎಂದೂ, ಸದಾ ಅದರ ಬೆನ್ನಿಗೇ ಇರುತ್ತಿದ್ದ ಸಣ್ಣ ಗಂಡಿಗೆ ಮನೀ ಅಳ್ಯಾ ಎಂದೂ ಹೆಸರಿಟ್ಟವಳು ಅವಳೇ.

ನಾಲಿಗೆಯ ಪರೀಕ್ಷೆ ಶುರುವಾದದ್ದು ಉಪ್ಪಿನಂಶ ಅಳೆಯುವ ಗಾಜಿನ ಕೊಳವೆ ನನ್ನ ಕೈಯಿಂದ ಬಿದ್ದು ಒಡೆದ ಮೇಲೆ. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಮಾತ್ರ ಹಿಂದೆ ಉಳಿಯುತ್ತದೆ. ಹೊಸ ಕೊಳವೆ ಬರಲು ಹದಿನೈದು ದಿನ ಹಿಡಿಯಿತು. ಬಂದ ದಿನ ಅಳೆದು ನೋಡಿದರೆ ಉಪ್ಪು ಎಷ್ಟಿರಬೇಕೋ ಅಷ್ಟೇ ಇತ್ತು. ಆ ನೀರು ಬಾಯಿಗೆ ಹಾಕಬೇಡ ಎಂದು ಡಾಕ್ಟರು ಎಷ್ಟು ಸಲ ಹೇಳಿದರೂ ಆಕೆ ಬಿಡಲಿಲ್ಲ. ಸಮುದ್ರವನ್ನು ಆಕೆ ಕಂಡವಳೇ ಅಲ್ಲ.

ಆಕೆ ಕಂಡದ್ದು ಕೃಷ್ಣಾ ಹೊಳೆ. ಹೊಳೆದಂಡೆಯ ಒಂದು ಊರಿನವಳು. ಕುರಿ ಸಾಕುವ ಮನೆತನ, ಬೀರಪ್ಪ ದೇವರ ಒಕ್ಕಲು. ಆಲಮಟ್ಟಿಯ ಹಿನ್ನೀರು ಬಂದು ಊರು ಏಳಬೇಕಾದಾಗ ಬೀಳಗಿಯ ಕಡೆ ಪುನರ್ವಸತಿಯ ಜಾಗ ಸಿಕ್ಕಿತು. ಗಂಡ ಅಲ್ಲಿ ಒಂದು ಖೋಲಿ ಕಟ್ಟಿಸಿ, ಎರಡೇ ವರ್ಷಕ್ಕೆ ತೀರಿಕೊಂಡ. ಮಕ್ಕಳಿರಲಿಲ್ಲ. ದುಡಿಮೆಗೆಂದು ಆಕೆ ಜಮಖಂಡಿಗೆ ಬಂದು ಬಾಡಿಗೆ ಕೋಣೆ ಹಿಡಿದಳು. ಆ ಕಡೆ ಪಕ್ಕದ ಮನೆಯಲ್ಲಿದ್ದ ಮೈದುನ ಮಾಳಪ್ಪ ಖೋಲಿಯ ತುಂಬ ಮೇವಿಗೆಂದು ಜೋಳದ ಕಣಿಕೆ ಒಟ್ಟಿ, ಅದರ ಅಂಗಳದಲ್ಲಿ ಎಮ್ಮೆ ಕಟ್ಟಿದ. ಜಮಖಂಡಿಯಲ್ಲಿ ಇರುವವಳಿಗೆ ಇಲ್ಲಿ ಮನೆ ಯಾತಕ್ಕೆ ಎನ್ನುವುದು ಅವನ ಮಾತು. ಆಕೆ ಎರಡು ಸಲ ಹೋಗಿ ಕೇಳಿ ಬಂದಳು. ಬರಿಗೈಲಿ ಬಂದ ದಿನ ಪಾತ್ರೆಗಳನ್ನು ಎರಡೆರಡು ಸಲ ತಿಕ್ಕುತ್ತಿದ್ದಳು.

ಒಂದು ಮೇ ತಿಂಗಳಲ್ಲಿ ಅಡ್ಡ ಮಳೆ ಬಿದ್ದು ನಮ್ಮ ಓಣಿಯ ಕಂಬಗಳು ಉರುಳಿದವು. ಕರೆಂಟು ಹೋಗಿ ಒಂದೂವರೆ ದಿನ ಬರಲಿಲ್ಲ. ಬ್ಯಾಟರಿ ಮುಗಿದು ತೊಟ್ಟಿಯ ಮೋಟಾರು ನಿಂತಿತು. ನೀರಿಗೆ ಗಾಳಿ ಬೆರೆಯದೆ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಸಾವಂತ್ರವ್ವ ಸ್ಟೂಲು ಹತ್ತಿ, ತಂಬಿಗೆಯಲ್ಲಿ ನೀರು ಮೊಗೆದು ಮೇಲಿನಿಂದ ಸುರಿಯತೊಡಗಿದಳು. ಆಕೆಗೆ ತೋಳು ಸೋತಾಗ ನಾನು, ನನಗೆ ಸೋತಾಗ ಡಾಕ್ಟರು. ಗೌಡ್ತಿ ಉಸಿರಿಗೆ ಪರದಾಡುತ್ತಿದ್ದರೂ ತಂಬಿಗೆಯನ್ನು ಕಚ್ಚುವುದು ಬಿಡಲಿಲ್ಲ. ಕರೆಂಟು ಬಂತು, ಆದರೆ ಗೌಡ್ತಿ ಮತ್ತೆ ಚೇತರಿಸಿಕೊಳ್ಳಲಿಲ್ಲ. ನಾಲ್ಕನೆಯ ದಿನ ಸತ್ತಿತು. ಸಾವಂತ್ರವ್ವ ಅದನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಹೂತಳು. ಅಳಲಿಲ್ಲ, ಆದರೆ ಆ ದಿನ ನಮ್ಮ ಮನೆಯ ಚಹಾ ಕುಡಿಯಲಿಲ್ಲ.

ಒಂಟಿಯಾದ ಮನೀ ಅಳ್ಯಾನಿಗೆ ಜೊತೆಯೆಂದು ಡಾಕ್ಟರು ಇನ್ನೂ ಸಣ್ಣದೊಂದು ಮೀನು ತಂದು ನೀರಿಗೆ ಬಿಟ್ಟರು. ಇಷ್ಟು ದಿನ ಸಾಧುವಾಗಿದ್ದ ಅಳ್ಯಾ ಅದನ್ನು ಅಟ್ಟಾಡಿಸಿ ರೆಕ್ಕೆ ಹರಿದ. ಸಾವಂತ್ರವ್ವ ಓಡಿಬಂದು, ತೂತಿನ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹೊಸ ಮೀನನ್ನು ಹಿಡಿದು, ಬುಟ್ಟಿಯನ್ನು ತೊಟ್ಟಿಯೊಳಗೇ ತೇಲಿಬಿಟ್ಟಳು.

“ಹೊಸಾ ಕುರಿ ತಂದ್ರ ನಾವು ಒಮ್ಮೆಲೆ ಹಿಂಡಿನ್ಯಾಗ ಬಿಡೂದಿಲ್ರಿ,” ಎಂದಳು. “ನಡುವ ತಟ್ಟಿ ಕಟ್ಟತೇವಿ. ಒಂದರ ಮುಖಾ ಒಂದು ನೋಡಿ ನೋಡಿ ಬ್ಯಾಸರಾಗಬೇಕು. ಆಮ್ಯಾಲ ಕೂಡತಾವು.”

ಇಪ್ಪತ್ತು ದಿನ ಬುಟ್ಟಿ ತೇಲಿತು. ತೆಗೆದ ದಿನ ಅಳ್ಯಾ ಒಂದೆರಡು ಸಲ ಗುದ್ದಿ ನೋಡಿ ಸುಮ್ಮನಾದ. ಮುಂದೆ ಕೆಲವು ತಿಂಗಳಲ್ಲಿ ಅವನು ದಪ್ಪವಾಗುತ್ತ ಹೋದ, ಕುಡಿಕೆ ಹಿಡಿದ, ಕೈ ಹಾಕಿದವರನ್ನು ಕಚ್ಚತೊಡಗಿದ. ಈ ಜಾತಿಯಲ್ಲಿ ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ ಎಂದು ಡಾಕ್ಟರು ಪುಸ್ತಕ ತೆಗೆದು ಓದಿ ಹೇಳಿದರು. ನಾನು ಬೆರಗಾದೆ. ಸಾವಂತ್ರವ್ವ ಕಸಬರಿಗೆ ಕೂಡ ಕೆಳಗಿಡಲಿಲ್ಲ. “ಆಗಲೇಬೇಕಲ್ರಿ,” ಎಂದಳು. “ಮನಿ ಹಿಡಿಯಾಕ ಒಬ್ರು ಬೇಕು.”

ಆ ವರ್ಷ ದೀಪಾವಳಿ ಕಳೆದ ಮೇಲೆ ಆಕೆ ಕೆಲಸ ಬಿಡುತ್ತೇನೆ ಎಂದಳು. ಊರಿಗೆ ಹೋಗಿ ತನ್ನ ಖೋಲಿಯಲ್ಲಿ ಇರುತ್ತಾಳಂತೆ. ಮಾಳಪ್ಪ ಬಿಟ್ಟುಕೊಟ್ಟನೇ ಎಂದು ಕೇಳಿದೆ. ಇಲ್ಲ ಎಂದಳು. ಹಾಗಾದರೆ ಮೊದಲು ಒಂದು ಅರ್ಜಿ ಕೊಡೋಣ, ನಾನೇ ಬರೆಯುತ್ತೇನೆ ಎಂದೆ.

“ಅರ್ಜಿ ಕೊಟ್ರ ಅಂವಾ ವಕೀಲನ ಕಡೆ ಹೋಗ್ತಾನ್ರಿ ಅಕ್ಕೋರ. ನಾ ಹೋಗಿ ಕುಂತ್ರ ಎಲ್ಲಿ ಹೋಗ್ತಾನ?”

ಕೊನೆಯ ದಿನ ಸೌಟು ಹಿಡಿಯುವುದನ್ನೂ, ಬಿಸಿಲಿಗೆ ತೊಟ್ಟಿಯ ಸುತ್ತ ಹಸಿ ಗೋಣಿ ಸುತ್ತುವುದನ್ನೂ ನನಗೆ ಕೈ ಹಿಡಿದು ತೋರಿಸಿ ಹೋದಳು.

ಹತ್ತು ದಿನ ಸುದ್ದಿಯಿಲ್ಲ. ಮನಸ್ಸು ತಡೆಯದೆ ಒಂದು ಭಾನುವಾರ ನಾನೂ ಡಾಕ್ಟರೂ ಹೋದೆವು. ಕಣಿಕೆಯೆಲ್ಲ ಮಾಳಪ್ಪನ ಅಂಗಳದಲ್ಲಿ ಅಚ್ಚುಕಟ್ಟಾಗಿ ಒಟ್ಟಿತ್ತು. ಎಮ್ಮೆಯೂ ಅವನ ಬಾಗಿಲಲ್ಲೇ ಇತ್ತು. ಅಷ್ಟನ್ನೂ ಆಕೆಯೇ ಒಂದು ದಿನದಲ್ಲಿ ಸಾಗಿಸಿದ್ದಳಂತೆ. ಮಾಳಪ್ಪ ರಸ್ತೆಯಲ್ಲಿ ನಾಲ್ಕು ಜನ ಹಿರಿಯರನ್ನು ನಿಲ್ಲಿಸಿಕೊಂಡು ಕೂಗಾಡುತ್ತಿದ್ದ. ಸಾವಂತ್ರವ್ವ ಹೊಸ್ತಿಲ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವನ ಕೂಗು ಮುಗಿಯಲು ಬಿಟ್ಟು ಹೇಳಿದಳು:

“ಮಾಳಪ್ಪಾ, ಆ ಕಡೆ ನಿಂದು. ನಾ ಅಲ್ಲಿ ಕಾಲಿಟ್ಟಿಲ್ಲ. ಈ ಕಡೆ ನಂದು. ಉಣ್ಣಾಕ ಬರೂದಾದ್ರ ಬಾ, ರೊಟ್ಟಿ ಮಾಡೇನಿ.”

ಹಿರಿಯರಲ್ಲೊಬ್ಬ ನಕ್ಕುಬಿಟ್ಟ. ಮಾಳಪ್ಪ ಆ ದಿನ ಉಣ್ಣಲು ಬರಲಿಲ್ಲ. ನಾವು ಉಂಡು ಬಂದೆವು.

ಇತ್ತ ನಮ್ಮ ಮನೆಯಲ್ಲಿ ಮೀನುಗಳಿಗೆ ಒಳ್ಳೆಯದಾಗಲಿಲ್ಲ. ನನಗೆ ಸಾಲೆ, ಡಾಕ್ಟರಿಗೆ ದವಾಖಾನೆ. ಎರಡು ವಾರ ನಾನು ಉಪ್ಪು ಅಳೆಯಲೇ ಇಲ್ಲ. ಸಣ್ಣ ಮೀನು ಸತ್ತಿತು. ಉಳಿದ ಒಂದನ್ನು ಬೆಳಗಾವಿಯ ಪರಿಚಯದವರೊಬ್ಬರಿಗೆ ಕೊಟ್ಟು, ತೊಟ್ಟಿಯನ್ನು ಮಾಳಿಗೆಗೆ ಹಾಕಿದೆವು.

ಮರುವರ್ಷ ಬೀಳಗಿಯ ಬಸ್ ಸ್ಟ್ಯಾಂಡಿನಲ್ಲಿ ಸಾವಂತ್ರವ್ವ ಸಿಕ್ಕಳು. ಸಂತೆ ಮುಗಿಸಿ ಹೊರಟಿದ್ದಳು. ಎರಡು ಕುರಿ ಕಟ್ಟಿದ್ದಾಳಂತೆ; ಮಾಳಪ್ಪನ ಸಣ್ಣ ಮಗಳು ಈಗ ಇವಳ ಹತ್ತಿರವೇ ಮಲಗುತ್ತಾಳಂತೆ. ಮೀನು ಹೇಗಿವೆ ಎಂದಳು. ಬೆಳಗಾವಿಗೆ ಕೊಟ್ಟೆವು ಎಂದೆ.

“ಎರಡೂ ಕೂಡೇ ಕೊಟ್ರಿಲ್ರಿ?”

“ಹೂಂ, ಎರಡೂ ಕೂಡೇ,” ಎಂದೆ.

ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. “ಛಲೋ ಆತು,” ಎಂದು ಚೀಲ ಎತ್ತಿಕೊಂಡು ಬಸ್ ಹತ್ತಿದಳು. ನಾನು ಆಕೆಯನ್ನು ನೋಡಿದ್ದು ಅದೇ ಕೊನೆ.

ಎರಡು ವರ್ಷದ ಮೇಲೆ ಮಾಳಪ್ಪ ನಮ್ಮ ಮನೆಗೆ ಬಂದ. ಗುರುತು ಹಿಡಿಯಲು ನನಗೆ ತಡವಾಯಿತು, ತಲೆ ಬೋಳಿಸಿಕೊಂಡಿದ್ದ. ಅತ್ತಿಗೆ ತೀರಿಕೊಂಡು ಹದಿಮೂರು ದಿನವಾಯಿತು, ಜ್ವರ ಬಂದದ್ದೇ ನೆಪ, ಜಮಖಂಡಿಯ ಅಕ್ಕೋರಿಗೆ ತಿಳಿಸಲು ಹೇಳಿದ್ದಳು ಎಂದ. ಚಹಾ ಕುಡಿದು ಎದ್ದವನು ಬಾಗಿಲಲ್ಲಿ ನಿಂತು ಪಡಸಾಲೆಯನ್ನೆಲ್ಲ ಒಮ್ಮೆ ನೋಡಿದ.

“ನಮ್ಮ ಹುಡುಗಿಗೆ ದಿನಾ ನಿಮ್ಮ ಮೀನಿನ ಕತಿ ಹೇಳತಿದ್ಳರಿ. ಎರಡೂ ಬೆಳಗಾವ್ಯಾಗ ಅದಾವಂತ. ಅದಾವೇನ್ರಿ ಇನ್ನಾ?”

“ಅದಾವು,” ಎಂದೆ.