ಎಮ್ಮೆಗಳಿಗೆಂದು ಕೊಂಡ ಬೋಟು

ಬೋಟು ನೋಡಲು ಹೋದ ದಿನ ನಮ್ಮವರು ಅದಕ್ಕೆ ಮೂರು ಸುತ್ತು ಹಾಕಿದರು. ಬದಿಗೆ ಅಂಗೈಯಿಂದ ಬಡಿದರು, ಬಗ್ಗಿ ಅಡಿಭಾಗ ನೋಡಿದರು, ಎದ್ದು ನಿಂತು ಗಂಭೀರವಾಗಿ ತಲೆಯಾಡಿಸಿದರು. ದನದ ಪೇಟೆಯಲ್ಲಿ ಎಮ್ಮೆ ನೋಡುವಾಗಲೂ ಅವರು ಮಾಡುವುದು ಇಷ್ಟೇ.

"ಹಲ್ಲ ಎಣಸೂದೊಂದ ಉಳೀತ ನೋಡ್ರಿ," ಎಂದೆ.

ಅವರು ನಗಲಿಲ್ಲ. ಬೋಟಿನ ಮಾಲೀಕರು ನಕ್ಕರು. ಅಂಕಲಿಯ ಕೆಳಗೆ ಕೃಷ್ಣೆಯ ದಂಡೆಯಲ್ಲಿ ಬಹಳ ವರ್ಷ ಜನರನ್ನು, ಸೈಕಲ್ಲುಗಳನ್ನು, ಆಮೇಲೆ ಮೋಟಾರ್ ಸೈಕಲ್ಲುಗಳನ್ನು ಆಚೆ ಈಚೆ ದಾಟಿಸಿದವರು ಅವರು. ಈಗ ಎಲ್ಲರೂ ಸೇತುವೆಯ ಮೇಲೆ ಹೋಗುತ್ತಾರೆ, ಅವರ ಮೊಣಕಾಲೂ ನೀರಿಗೆ ಇಳಿಯಲು ಒಪ್ಪುವುದಿಲ್ಲ. ಊರಿನವರು ಮಾಮಾ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಬೋಟು ಕಬ್ಬಿಣದ್ದು, ತಳ ಚಪ್ಪಟೆ, ಮೈ ಅಗಲ. ಹಿಂದೆ ಬಣ್ಣ ಹೋದ ಪೆಟ್ರೋಲ್ ಮೋಟಾರು. ಮುಂದಿನ ಹಲಗೆಯನ್ನು ಇಳಿಸಿದರೆ ದಂಡೆಯಿಂದ ನೇರವಾಗಿ ಒಳಗೆ ನಡೆದು ಬರಬಹುದು. ನನಗೆ ಬೇಕಾಗಿದ್ದದ್ದು ಆ ಹಲಗೆ. ನಾನು ಬೋಟು ಹುಡುಕುತ್ತಿದ್ದದ್ದು ಎಮ್ಮೆಗಳಿಗಾಗಿ.

ಅದಕ್ಕೆ ಕಾರಣ ನಮ್ಮ ಅತ್ತೆ. ನಿಜ ಹೇಳಬೇಕೆಂದರೆ ಕಾರಣ ನಾನೇ.

ನಮ್ಮ ಹೊಲಮನೆ ಐನಾಪುರದಿಂದಾಚೆ, ಹೊಳೆಗೆ ತೀರಾ ಹತ್ತಿರ. ಹಿಂದಿನ ಮಹಾಪೂರದಲ್ಲಿ ನೀರು ಬೆಳಗಾಗುವುದರೊಳಗೆ ಅಂಗಳ ದಾಟಿ ಬಂತು. ಜನರನ್ನು ಕರೆದೊಯ್ಯುವ ರಬ್ಬರ್ ಬೋಟು ಬಾಗಿಲ ಮುಂದೆ ನಿಂತಿತ್ತು. ಅದರಲ್ಲಿ ಜಾನುವಾರು ಹಿಡಿಸುವ ಮಾತೇ ಇರಲಿಲ್ಲ. ಅತ್ತೆ ಜಗಲಿಯ ಕಂಬ ಹಿಡಿದು ನಿಂತು, ಕೊಟ್ಟಿಗೆಯಲ್ಲಿದ್ದ ಎರಡೂ ಎಮ್ಮೆಗಳ ಹಗ್ಗ ಬಿಚ್ಚದೆ ಹತ್ತುವುದಿಲ್ಲ ಎಂದರು. ನಾನು ಎದೆಮಟ್ಟದ ನೀರಿನಲ್ಲಿ ಕೊಟ್ಟಿಗೆಗೆ ಹೋದೆ. ಬಾಗಿಲ ಹತ್ತಿರದ ಎಮ್ಮೆಯನ್ನು ಬಿಚ್ಚಿದೆ. ಒಳಗಿನ ಬಿಳಿಹಣೆ ಎಮ್ಮೆಯ ಹಗ್ಗ ನೆನೆದು ಬಿಗಿದುಕೊಂಡಿತ್ತು, ಗಂಟು ನೀರಿನೊಳಗೆ. ಎರಡು ಸಲ ಮುಳುಗಿ ಎಳೆದೆ, ಬರಲಿಲ್ಲ. ಹೊರಗಿನಿಂದ ಕೂಗುತ್ತಿದ್ದರು. ನನಗೆ ಹೆದರಿಕೆಯಾಯಿತು, ಬಂದುಬಿಟ್ಟೆ.

"ಎರಡೂ ಬಿಚ್ಚಿದಿಯೇನ?" ಎಂದು ಅತ್ತೆ ಕೇಳಿದರು.

"ಎರಡೂ ಬಿಚ್ಚೇನ್ರಿ. ಹತ್ರಿ," ಎಂದೆ.

ಅತ್ತೆ ಹತ್ತಿದರು. ನಾವು ಶಾಲೆಯಲ್ಲಿ ತೆರೆದಿದ್ದ ಗಂಜಿ ಕೇಂದ್ರದಲ್ಲಿದ್ದಾಗ, ಬಿಚ್ಚಿಬಿಟ್ಟ ಎಮ್ಮೆ ಕಾಲುವೆಯ ಏರಿಯ ಮೇಲೆ ಜೀವಂತ ಸಿಕ್ಕಿತು. ನೀರು ಇಳಿದ ಮೇಲೆ ಮೊದಲು ಹೊಲಮನೆಗೆ ಹೋದವರು ನಮ್ಮವರು. ಬಿಳಿಹಣೆ ಎಮ್ಮೆ ಗೂಟದ ಹತ್ತಿರವೇ ಇತ್ತು. ಅತ್ತೆ ಬರುವ ಮೊದಲೇ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಒಯ್ದು ಹೂಳಿದರು. "ಹೇಳಿ ಏನ ಮಾಡೂದೈತಿ, ಸುಮ್ನಿರು," ಎಂದರು. ನಾನು ಸುಮ್ಮನಿದ್ದೆ.

ಒಂದು ಎಮ್ಮೆ ಬದುಕಿ ಬಂದದ್ದರಿಂದ ಇನ್ನೊಂದೂ ಎಲ್ಲೋ ದಂಡೆ ಹತ್ತಿರಬೇಕೆಂದು ಅತ್ತೆ ನಂಬಿದರು. ಸಂತೆಗೆ ಹೋದಾಗಲೆಲ್ಲ ಹೊಳೆಯಾಚೆಯವರನ್ನು ಹುಡುಕಿ ಮಾತಾಡಿಸುತ್ತಿದ್ದರು. ಅಲಖನೂರದ ಕಡೆಯವರೊಬ್ಬರು ಯಾರದೋ ಕೊಟ್ಟಿಗೆಯಲ್ಲಿ ಹಣೆ ಬೆಳ್ಳಗಿರುವ ಎಮ್ಮೆ ನೋಡಿದೆ ಎಂದದ್ದೇ ತಡ, ಅಲ್ಲಿಗೂ ಹೋಗಿ ಬಂದರು. ಅದು ಬೇರೆ ಎಮ್ಮೆ. ಅವರು ಬಸ್ಸಿಳಿದು ಬರುವುದನ್ನು ಬಾಗಿಲಲ್ಲಿ ನಿಂತು ನೋಡಿದಾಗ ನನಗೆ ನನ್ನ ಮೇಲೆಯೇ ಹೇಸಿಕೆಯಾಯಿತು. ಅಂದು ಅವರ ಕಾಲಿಗೆ ನೀರು ಕೊಟ್ಟೆ, ಚಹಾ ಮಾಡಿಕೊಟ್ಟೆ, ಹೇಳಬೇಕಾದ ಮಾತನ್ನು ಮಾತ್ರ ಹೇಳಲಿಲ್ಲ.

ಇನ್ನು ಮೇಲೆ ಎಮ್ಮೆ ಬಿಟ್ಟು ಯಾವ ಬೋಟನ್ನೂ ಹತ್ತುವುದಿಲ್ಲ ಎಂದು ಅತ್ತೆ ಅಂದಿನಿಂದಲೇ ಹೇಳುತ್ತಿದ್ದರು. ಅವರ ಹಟ ನನಗೆ ಗೊತ್ತು. ಈಗ ಕೊಟ್ಟಿಗೆಯಲ್ಲಿ ನಾಲ್ಕಿವೆ. ಸತ್ಯ ಹೇಳುವ ಧೈರ್ಯವಿಲ್ಲದವಳು ಬೋಟು ಕೊಳ್ಳಲು ಹೊರಟೆ. ಇನ್ನೊಮ್ಮೆ ನೀರು ಬಂದರೆ ಅವರಿಗೆ ಸುಳ್ಳು ಹೇಳುವ ಪ್ರಸಂಗವೇ ಬರಬಾರದು, ಅಷ್ಟೇ ನನ್ನ ಲೆಕ್ಕ.

ಬೋಟನ್ನು ಕಬ್ಬು ಸಾಗಿಸುವ ಟ್ರೇಲರಿನ ಮೇಲೆ ಹೇರಿ ತರೋಣ ಎಂದರು ನಮ್ಮವರು. ಅದು ಟ್ರೇಲರಿಗಿಂತ ಅಗಲ. ನನಗೂ ಅದನ್ನು ನಡೆಸಲು ಕಲಿಯಬೇಕಿತ್ತು, ಮಹಾಪೂರ ಬಂದ ದಿನ ಕಲಿಯಲು ಕೂತರೆ ಆದೀತೇ? ಹೊಳೆಯ ಮೇಲೆಯೇ ತರುವುದೆಂದು ಹಟ ಹಿಡಿದೆ. ನನ್ನ ಮೂಗಿನ ಮೇಲಿನ ಕೋಪ ಗೊತ್ತಿದ್ದ ನಮ್ಮವರು ವಾದ ಬೆಳೆಸಲಿಲ್ಲ. ಮಿರ್ಗ, ಅಂದರೆ ಮೃಗಶಿರಾ ಮಳೆ, ಕೂಡಲು ಹದಿನೈದು ದಿನವಿತ್ತು. ಮಳೆ ಹಿಡಿದರೆ ಹೊಳೆಯಲ್ಲಿ ಕೆಂಪು ನೀರು, ಆಮೇಲೆ ಯಾರೂ ಬೋಟು ಇಳಿಸುವ ಹಾಗಿಲ್ಲ. ಅಂಕಲಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಇಬ್ಬರೂ ಠಿಕಾಣಿ ಹೂಡಿದೆವು.

ಮೊದಲ ದಿನ ತಂತಿ ಬ್ರಶ್ಶಿನಿಂದ ತುಕ್ಕು ಕೆರೆದೆವು. ಕೆರೆದಷ್ಟೂ ತೂತು ಕಾಣಿಸಿದವು. ಮಾಮಾ ಬೆಸುಗೆಯವನನ್ನು ಕರೆಸಿ ತೇಪೆ ಹಾಕಿಸಿದರು, ಸಂದುಗಳಿಗೆ ಡಾಂಬರು ತುಂಬಿದರು. ನಾನು ಬದಿಗೆ ನೀಲಿ ಬಣ್ಣ ಬಳಿದೆ. ನಮ್ಮವರು ಒಳಗಿನ ತಗಡಿನ ಮೇಲೆ ಬಿದಿರಿನ ತಟ್ಟಿ ಹಾಸಿ ಅದಕ್ಕೆ ಗೋಣಿ ಹೊಲಿದರು. ಕಬ್ಬಿಣದ ಮೇಲೆ ಎಮ್ಮೆಯ ಕಾಲು ಜಾರುತ್ತದೆ ಎಂಬುದು ಅವರ ಚಿಂತೆ. ನನಗಾಗಲಿ ತಮಗಾಗಲಿ ಕೂಡಲು ಏನಾದರೂ ಬೇಕು ಎಂದು ಅವರಿಗೆ ಹೊಳೆದದ್ದು ಮೂರನೆಯ ದಿನ.

ಮೋಟಾರನ್ನು ಮಾಮಾ ನೀರು ತುಂಬಿದ ಪೀಪಾಯಿಯಲ್ಲಿ ಇಳಿಸಿ ಚಾಲೂ ಮಾಡಿ ತೋರಿಸಿದರು. ದಾರ ಎಳೆದದ್ದು ಹತ್ತು ಸಲ, ಹತ್ತಿದ್ದು ಒಂದು ಸಲ. ಆಮೇಲೆ ಅದನ್ನು ಬಿಚ್ಚಿ ಪ್ಲಗ್ಗು ತೊಳೆದು, ಹೊಸ ಪೆಟ್ರೋಲ್ ಪೈಪು ಹಾಕಿ, ನೀರು ತಳ್ಳುವ ಪಂಖದ ಅಲಗುಗಳನ್ನು ಅರದಿಂದ ಉಜ್ಜಿದೆವು. ಬೋಟು ಅವರ ಮನೆಯ ಮಗಳೋ ಎನ್ನುವಂತೆ ಮಾಮಾ ಅದರ ಸ್ವಭಾವವನ್ನೆಲ್ಲ ನನಗೆ ಹೇಳಿಕೊಟ್ಟರು.

"ಎಡಕ್ಕ ಜರಾ ಎಳೀತೈತ್ರಿ ತಾಯಿ. ಥಂಡ್ಯಾಗ ಸಿಟ್ಟಿಗೇಳತೈತಿ. ಬೈಬ್ಯಾಡ್ರಿ, ಸಾವಕಾಶ ದಾರ ಎಳೀರಿ."

"ನಾ ಯಾರಿಗೂ ಬೈಯಂಗಿಲ್ಲ ಬಿಡ್ರಿ," ಎಂದೆ. ನಮ್ಮವರು ಬೇರೆ ಕಡೆ ನೋಡಿದರು.

ನಾಲ್ಕನೆಯ ದಿನ ಸಂಜೆ ಟ್ರ್ಯಾಕ್ಟರಿನಿಂದ ಎಳೆಸಿ ಬೋಟನ್ನು ನೀರಿಗೆ ಬಿಟ್ಟೆವು. ಒಂದು ತೊಟ್ಟು ಸೋರಲಿಲ್ಲ. ಮಾಮಾ ಮೋಟಾರು ಬಿಚ್ಚಿ ಹೊತ್ತುಕೊಂಡು ಮನೆಗೆ ನಡೆದರು. ಕಟ್ಟುವ ಕೆಲಸ ನಾನೇ ವಹಿಸಿಕೊಂಡೆ. ಹುಟ್ಟಿದಾರಭ್ಯ ಎಮ್ಮೆ ಕಟ್ಟಿದವಳಿಗೆ ಬೋಟು ಯಾವ ಲೆಕ್ಕ? ನೀರಿನಂಚಿನಲ್ಲೇ ಗೂಟ ಬಡಿದೆ. ಹಗ್ಗ ಗಿಡ್ಡ ಹಿಡಿದು, ಮೂತಿ ಗೂಟಕ್ಕೆ ತಾಗುವ ಹಾಗೆ ಬಿಗಿದು, ಅತ್ತೆ ಕಲಿಸಿದ ಗಂಟು ಹಾಕಿದೆ. ಗಿಡ್ಡ ಕಟ್ಟಿದ ಎಮ್ಮೆ ಅತ್ತಿತ್ತ ಹೊಯ್ದಾಡುವುದಿಲ್ಲ. ನಮ್ಮವರೂ ಎಳೆದು ನೋಡಿ ಒಪ್ಪಿದರು.

ಬೆಳಿಗ್ಗೆ ರೊಟ್ಟಿ ಗಂಟು ಹಿಡಿದು ದಂಡೆಗೆ ಬಂದಾಗ ಹೊಳೆ ಮೊಣಕಾಲೆತ್ತರ ಏರಿತ್ತು. ಮಳೆಗಾಲಕ್ಕೆ ಮೊದಲು ಮೇಲೆ ಹೊಳೆಗೆ ಅಡ್ಡ ಕಟ್ಟಿದ ಬಾಂದಾರದ ಹಲಗೆ ತೆಗೆಯುತ್ತಾರೆ, ತುಂಬಿ ನಿಂತ ನೀರು ಕೆಳಗೆ ಬರುತ್ತದೆ. ಹಿಂದಿನ ಸಂಜೆ ತೆಗೆದಿದ್ದರಂತೆ. ನನ್ನ ಗೂಟ ನೀರಿನೊಳಗಿತ್ತು. ಬೋಟು ಮೇಲೇಳಲು ನೋಡಿ, ಹಗ್ಗ ಬಿಡದೆ, ಮೂತಿಯನ್ನು ನೀರಿಗೆ ಊರಿ ನಿಂತಿತ್ತು. ಒಳಗೆಲ್ಲ ಹೊಳೆ. ಗೋಣಿಯ ಹಾಸು ತೇಲುತ್ತಿತ್ತು.

ಎಷ್ಟು ಗಟ್ಟಿ ಗಂಟು ಹಾಕಿದ್ದೆ! ಕೊಟ್ಟಿಗೆಯಲ್ಲಿ ಬಿಳಿಹಣೆ ಎಮ್ಮೆ ಹೇಗೆ ಹೋಗಿರಬೇಕು ಎಂದು ಇಷ್ಟು ವರ್ಷ ನಾನು ಮನಸ್ಸಿಗೆ ತಂದುಕೊಳ್ಳದೆ ತಪ್ಪಿಸಿಕೊಂಡಿದ್ದೆ. ಅಂದು ಕಣ್ಣಾರೆ ಕಂಡೆ. ನೀರಿಗೆ ಇಳಿದು ಮುಳುಗಿ ಗಂಟು ಹುಡುಕಿದೆ. ಬೆರಳು ಸುಲಿದವು, ಗಂಟು ಸಡಿಲವಾಗಲಿಲ್ಲ. ಮಾಮಾ ಕುಡುಗೋಲು ತಂದು ಹಗ್ಗ ಕೊಯ್ದರು. ನಾನು ದಂಡೆಯ ಕೆಸರಿನಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

"ಅಹೋ ತಾಯಿ, ಬೋಟ ಸತ್ತಿಲ್ರಿ. ನೀರ ಕುಡದೈತಿ ಅಷ್ಟ, ಕಕ್ಕಸೂಣ," ಎಂದರು ಮಾಮಾ. ಒಂದು ಬೋಟಿಗೆ ಇಷ್ಟೊಂದು ಅಳುವುದು ಯಾಕೆಂದು ಅವರಿಗೆ ತಿಳಿಯಲಿಲ್ಲ. ನಮ್ಮವರಿಗೆ ತಿಳಿಯಿತು. ಬಂದು ಪಕ್ಕದಲ್ಲಿ ಕೂತರು.

ಬಕೆಟ್ಟಿನಿಂದ ನೀರು ಎತ್ತಿ ಹಾಕಿ, ಹಾಸು ಬಿಸಿಲಿಗೆ ಒಡ್ಡಿ, ಇನ್ನೆರಡು ದಿನ ಕಳೆದೆವು. ಹೊಳೆ ಏರುತ್ತದೆ, ಇಳಿಯುತ್ತದೆ, ಗೂಟವನ್ನು ದಂಡೆಯ ಮೇಲೆ ದೂರ ಬಡಿದು ಹಗ್ಗವನ್ನು ಉದ್ದ ಬಿಡಬೇಕು ಎಂದು ಮಾಮಾ ಕಲಿಸಿದರು. ಮೂರನೆಯ ಬೆಳಿಗ್ಗೆ ನಮ್ಮವರು ತೆಂಗಿನಕಾಯಿ ಒಡೆದು ಮೋಟಾರಿಗೆ ನಿಂಬೆಹಣ್ಣು ಕಟ್ಟಿದರು. ಹೊರಟೆವು.

ಕುಡಚಿಯವರೆಗೆ ಮಾಮಾ ಮುಂದೆ ಕೂತು ಬಿದಿರಿನ ಗಳು ಇಳಿಸಿ ಆಳ ನೋಡುತ್ತ ಬಂದರು. ಕಬ್ಬಿನ ಹೊಲಗಳಿಗೆ ನೀರೆತ್ತುವ ಪೈಪುಗಳು ಎರಡೂ ದಂಡೆಯಿಂದ ಹೊಳೆಗೆ ಇಳಿದಿದ್ದವು, ಅವುಗಳ ನಡುವೆ ನಡೆಸುವುದೇ ದೊಡ್ಡ ಪರೀಕ್ಷೆ. ಎರಡು ಸಲ ಅಂತರಗಂಗೆ ಪಂಖಕ್ಕೆ ಸುತ್ತಿಕೊಂಡಿತು. ಮರಳ ದಿಬ್ಬದ ಮೇಲೆ ಮೊಸಳೆಯೊಂದು ಬಾಯಿ ತೆರೆದು ಬಿದ್ದಿತ್ತು, ನಮ್ಮವರು ಸದ್ದಿಲ್ಲದೆ ಬೋಟಿನ ನಡುವಿಗೆ ಸರಿದರು. ರೈಲು ಸೇತುವೆ ದಾಟಿದ ಮೇಲೆ ಮಾಮಾ ಇಳಿದು, ಬೋಟಿನ ಮೂತಿಯನ್ನು ಒಮ್ಮೆ ಮುಟ್ಟಿ, ತಿರುಗಿ ನೋಡದೆ ಬಸ್ಸಿಗೆ ಹೋದರು. ಅಲ್ಲಿಂದ ಮುಂದೆ ನಾನೇ ನಡೆಸಿದೆ. ಬೋಟು ಎಡಕ್ಕೆ ಎಳೆಯುತ್ತಿತ್ತು. ನಾನು ಬೈಯಲಿಲ್ಲ.

ಸಂಜೆಯ ಬಿಸಿಲಿರುವಾಗಲೇ ನಮ್ಮ ಹೊಲದ ದಂಡೆ ಸೇರಿದೆವು. ಅತ್ತೆ ಕಾಯುತ್ತ ನಿಂತಿದ್ದರು. ಹಲಗೆ ಇಳಿಸಿದರೂ ಒಳಗೆ ಕಾಲಿಡಲಿಲ್ಲ. ಹೊರಗಿನಿಂದಲೇ ಗೇಣು ಹಾಕಿ ಅಗಲ ಅಳೆದರು, ಹಾಸನ್ನು ಕೈಯಿಂದ ಒತ್ತಿ ನೋಡಿದರು. ಮುಖ ಅರಳಿತು.

"ನಾಕ ಆರಾಮ ನಿಂದರ್ತಾವ. ಈ ಮೂಲ್ಯಾಗ ಇನ್ನೊಂದ ಜಾಗಾ ಉಳೀತೈತಿ," ಎಂದರು. "ಬಿಳಿಹಣೀದ ಸಿಕ್ಕರ ಅದಕೂ ಆತು."

ಬೋಟು ತಂದರೆ ನನ್ನ ಸುಳ್ಳು ಹಿಂದೆ ಉಳಿಯುತ್ತದೆ ಎಂದುಕೊಂಡಿದ್ದೆ. ಅತ್ತೆ ಅದಕ್ಕೂ ಬೋಟಿನಲ್ಲಿ ಜಾಗ ತೆಗೆದಿಟ್ಟರು. ಇನ್ನು ನನ್ನಿಂದ ಆಗಲಿಲ್ಲ.

"ಅದ ಸಿಗಂಗಿಲ್ರಿ," ಎಂದೆ. "ನಾ ಅದರ ಹಗ್ಗ ಬಿಚ್ಚಿರಲಿಲ್ಲ. ಗಂಟ ಬರಲಿಲ್ರಿ. ನಿಮಗ ಸುಳ್ಳ ಹೇಳಿದ್ನಿ."

ಅತ್ತೆ ನನ್ನನ್ನು ನೋಡಿದರು, ಮಗನನ್ನು ನೋಡಿದರು. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ.

"ಎಲ್ಲಿ ಹುಗದೀರಿ?" ಎಂದು ಮಾತ್ರ ಕೇಳಿದರು.

ಕೆಳಗಿನ ಹಾಳು ದಂಡೆಯಲ್ಲಿ, ಹುಣಸೆ ಮರದ ಹತ್ತಿರ ಎಂದು ನಮ್ಮವರು ಹೇಳಿದರು. ಅತ್ತೆ ಹಾಲು ಹಿಂಡಲು ಹೋದರು. ಅಂದು ಊಟಕ್ಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬೋಟು ತೊಳೆಯುತ್ತಿದ್ದಾಗ ಅತ್ತೆ ಬಂದರು. ಕಂಕುಳಲ್ಲಿ ಕಬ್ಬಿನ ತುದಿಯ ಹಸಿರು ಗರಿ, ವಾಡೆಯ ಹೊರೆ. ಹಾಳು ದಂಡೆಯ ದಾರಿ ಜಾಲಿ ಮುಳ್ಳಿನಿಂದ ಮುಚ್ಚಿಹೋಗಿದೆ, ನಡೆದು ಹೋಗುವಂತಿಲ್ಲ. ಎಮ್ಮೆ ಬಿಟ್ಟು ಯಾವ ಬೋಟನ್ನೂ ಹತ್ತುವುದಿಲ್ಲ ಎಂದವರು ಹಲಗೆಯ ಮೇಲೆ ಕಾಲಿಟ್ಟು ಒಳಗೆ ಬಂದು ಕೂತರು. ಮೋಟಾರು ಮೊದಲ ಸಲಕ್ಕೇ ಹತ್ತಿತು.

ಹುಣಸೆಯ ಬುಡದಲ್ಲಿ ಈಗ ಬರೀ ಕರಿಕೆ ಹುಲ್ಲು. ಅತ್ತೆ ವಾಡೆಯನ್ನು ಬಿಡಿಸಿ, ಎಮ್ಮೆಗೆ ಹಾಕುವಂತೆಯೇ ಹರಡಿ ಹಾಕಿದರು. ಆಮೇಲೆ ನೆಲಕ್ಕೆ ಕೂತು ದನಿ ತೆಗೆದು ಅತ್ತರು. ಆ ಅಳುವಿಗೆ ಹೆದರಿಯೇ ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದು. ಹತ್ತಿರ ಹೋಗಲೋ ಬೇಡವೋ ತಿಳಿಯದೆ ಬೋಟಿನ ಹಲಗೆಯ ಮೇಲೆಯೇ ನಿಂತಿದ್ದೆ. ಬಹಳ ಹೊತ್ತಿನ ಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ತಿರುಗಿದರು.

"ನನ್ನ ಜೀವಾ ಉಳಸಾಕ ಹೇಳಿದಿ, ಗೊತ್ತಾಕ್ಕೈತಿ ನನಗ," ಎಂದರು. "ಆದ್ರ ಆವಾಗ ಹೇಳಿದ್ದರ ಆವಾಗ ಅತ್ತ ಮುಗಸ್ತಿದ್ನಲ್ಲಬೇ."

ಹೋಗಿ ಅವರ ಪಕ್ಕದಲ್ಲಿ ಕೂತೆ.