ಸದ್ದೇ ಮಾಡದ ಮೂರನೇ ತರಗತಿ

ಮಕ್ಕಳು ಆಕೆಗೆ ಇಟ್ಟಿದ್ದ ಅಡ್ಡಹೆಸರು ಹದ್ದು ಮಿಸ್. ಅದು ಆಕೆಯ ಕಿವಿಗೂ ಬಿದ್ದಿತ್ತು, ಬೇಜಾರೇನೂ ಆಗಿರಲಿಲ್ಲ. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಿದ್ದರೂ ಹಿಂದಿನ ಬೆಂಚಿನಲ್ಲಿ ಯಾರು ಯಾರ ಜಡೆ ಎಳೆದರೆಂದು ಹೇಳಬಲ್ಲವಳು. ಪುಟಾಣಿಗಳನ್ನು ನಂಬಿ ಕೂತರೆ ಪಾಠ ಮುಗಿದ ಹಾಗೇ, ಎನ್ನುತ್ತಿದ್ದಳು.

ಹೊಸ ಶಾಲೆಗೆ ವರ್ಗವಾಗಿ ಬಂದ ಬೆಳಗ್ಗೆ ಹೆಡ್‌ಮಿಸ್, “ನಿಮಗೆ ಮೂರನೇ ಕ್ಲಾಸು. ಮೊದ್ಲು ಗಲಾಟೆ ಮಕ್ಕಳು, ಈಗ ಪರವಾಗಿಲ್ಲ” ಎಂದರು. ಹೇಳುವಾಗ ಮುಖ ನೋಡಲಿಲ್ಲ. ಆಕೆಗೆ ಅಲ್ಲೇ ಅನುಮಾನದ ಹುಳು ಹೊಕ್ಕಿತು.

ತರಗತಿಗೆ ಹೋದರೆ ಪಿಟ್ಟೆನ್ನುವ ಸದ್ದಿಲ್ಲ. ಮಕ್ಕಳು ಹೇಳದೆಯೇ ಕೈಕಟ್ಟಿ ಕೂತಿದ್ದರು. ಏನೋ ಕಿತಾಪತಿ ನಡೆಸಿದ್ದಾರೆ ಅನ್ನಿಸಿ ಆಕೆ ಕುರ್ಚಿಗೆ ಅಂಟು ಬಳಿದಿದ್ದಾರೆಯೇ ಎಂದು ಸವರಿ ನೋಡಿದಳು. ಕಪ್ಪೆ ಇರಬಹುದೆಂದು ಮೇಜಿನ ಡ್ರಾವರನ್ನು ದೂರದಿಂದಲೇ ಎಳೆದಳು. ಏನೂ ಇರಲಿಲ್ಲ. ಹೊರಗೆ ಹೋಗುವ ನೆಪ ಮಾಡಿ ಕಿಟಕಿಯ ಮರೆಯಲ್ಲಿ ನಿಂತು ಕಿವಿಗೊಟ್ಟಳು. ಒಳಗೆ ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟರೆ ಮತ್ತೇನಿಲ್ಲ.

ಒಂದು ದಿನ ಯಾವುದೋ ಮಗು ಜೋರಾಗಿ ಸೀನಿತು. ಉಳಿದವರು ನಗಬೇಕಿತ್ತಲ್ಲ? ಸೀನಿದವಳನ್ನು ಯಾರೂ ನೋಡಲಿಲ್ಲ. ಎಲ್ಲರೂ ಒಟ್ಟಿಗೆ ತಿರುಗಿ ಮಿಸ್ ಮುಖವನ್ನೇ ನೋಡಿದರು.

ಯಾರೋ ಈ ಮಕ್ಕಳಿಗೆ ಹೊಡೆದು ಹೆದರಿಸಿದ್ದಾರೆ, ಎನ್ನಿಸಿತು. ಬರವಣಿಗೆ ನೋಡುವ ನೆಪದಲ್ಲಿ ಅಂಗೈಗಳನ್ನು ತಿರುಗಿಸಿ ನೋಡಿದಳು. ಬಾಸುಂಡೆಗಳಿರಲಿಲ್ಲ. ಕಸ ಗುಡಿಸುತ್ತಿದ್ದ ಆಯಾಳನ್ನು ಕೇಳಿದಳು.

“ಈ ಕ್ಲಾಸು ಮೊದ್ಲಿಂದ್ಲೂ ಹಿಂಗೇನಾ?”

“ನಂಗೇನ್ ಗೊತ್ತಮ್ಮಾ, ನಾನು ಗುಡಿಸೋಳು” ಎಂದವಳು ಅರ್ಧ ಕಸ ಅಲ್ಲೇ ಬಿಟ್ಟು ಹೋದಳು.

ಆಕೆಯ ಗಂಡ ಬಸ್ಸು ಓಡಿಸುವವನು. “ಗಲಾಟೆ ಮಾಡಿದ್ರೂ ಗೊಣಗ್ತೀಯ, ಸುಮ್ನಿದ್ರೂ ಗೊಣಗ್ತೀಯಲ್ಲೇ” ಎಂದು ನಕ್ಕ. ಆಮೇಲೆ ಸ್ವಲ್ಪ ಯೋಚಿಸಿ, “ಓಡ್ತಿರೋ ಇಂಜಿನ್ ಸದ್ದು ನಿಂತ್ರೆ ನಂಗೂ ಎದೆ ಧಸಕ್ ಅನ್ನುತ್ತೆ ಬಿಡು” ಎಂದ.

ಅದೇ ವಾರ ಬೋರ್ಡು ಒರೆಸುವಾಗ ಸೀಮೆಸುಣ್ಣದ ಪುಡಿ ಗಂಟಲಿಗಿಳಿದು ಕೆಮ್ಮು ಹತ್ತಿತು. ನಿಲ್ಲದೇ ಹೋದಾಗ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದಳು. ಕಣ್ಣೊರೆಸಿಕೊಂಡು ನೋಡಿದರೆ ತರಗತಿಗೆ ತರಗತಿಯೇ ಅಳುತ್ತಿತ್ತು. ಅಳುವಾಗಲೂ ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಎರಡು ಜಡೆಯ ಹುಡುಗಿಯೊಬ್ಬಳು ನೀರಿನ ಬಾಟಲಿ ತಂದು ಚಾಚಿದಳು.

“ನಾವು ಯಾರೂ ಮಾತಾಡ್ಲಿಲ್ಲ ಮಿಸ್. ನೀವು ಸಾಯ್ಬೇಡಿ.”

“ನಾನ್ಯಾಕೆ ಸಾಯ್ಲಿ ಪುಟ್ಟಾ?”

“ದೊಡ್ಡ ಮಿಸ್ ಸತ್ತೋದ್ರಲ್ಲ. ನಾವು ಕೂಗಾಡಿದ್ದಕ್ಕೆ.”

ಆಕೆ ನೇರ ಹೆಡ್‌ಮಿಸ್ ಕೋಣೆಗೆ ನುಗ್ಗಿದಳು. ಮಕ್ಕಳ ದೊಡ್ಡ ಮಿಸ್, ಅಂದರೆ ಹಿಂದಿನ ಟೀಚರ್, ಪಾಠ ಮಾಡುತ್ತಲೇ ಕುಸಿದು ಬಿದ್ದದ್ದು, ಗಾಬರಿಯಲ್ಲಿ ಆಯಾ “ನಿಮ್ ಗಲಾಟೆಗೇ ಹಿಂಗಾಯ್ತು” ಎಂದು ಗದರಿದ್ದು ಆಗ ಹೊರಬಂತು.

“ಅವರು ಬದುಕಿದಾರೆ ಕಣ್ರೀ, ಮಗಳ ಮನೇಲಿದಾರೆ” ಎಂದರು ಹೆಡ್‌ಮಿಸ್.

“ಮಕ್ಕಳಿಗೆ ಯಾಕೆ ಹೇಳ್ಲಿಲ್ಲ?”

“ಚಿಕ್ಕೋರು, ಮರೀತಾರೆ ಅಂದ್ಕೊಂಡ್ವಿ. ಕ್ಲಾಸೂ ಒಂದು ಶಿಸ್ತಿಗೆ ಬಂತಲ್ಲ.”

ಆ ಮಾತಿಗೆ ಆಕೆಯ ಮೈ ಉರಿಯಿತು. ಬದುಕಿದ್ದಾರೆಂಬುದನ್ನೂ ಆಕೆ ನಂಬಲಿಲ್ಲ. ವಿಳಾಸ ಕೇಳಿಕೊಂಡು ಸಂಜೆ ತಾನೇ ಹೋದಳು. ದೊಡ್ಡ ಮಿಸ್ ಕಿಟಕಿಯ ಬಳಿ ಕೂತಿದ್ದರು. ಎಡಗೈ ಸ್ವಾಧೀನದಲ್ಲಿರಲಿಲ್ಲ, ಮಾತು ತೊದಲುತ್ತಿತ್ತು. ವಿಷಯ ಕೇಳಿದ್ದೇ, “ಆಟೋ ಕರ್ಕೊಂಡ್ ಬನ್ನಿ” ಎಂದರು. ಮಗಳು ಇವತ್ತು ಬೇಡವೇ ಬೇಡವೆಂದು ಹಟ ಹಿಡಿದು ಶನಿವಾರಕ್ಕೆ ಒಪ್ಪಿಕೊಂಡಳು.

ದೊಡ್ಡ ಮಿಸ್ ಬಾಗಿಲಲ್ಲಿ ನಿಂತಾಗ ಯಾರೂ ಓಡಿ ಬರಲಿಲ್ಲ. ಮಕ್ಕಳು ಒಬ್ಬರಿಗೊಬ್ಬರು ಆತುಕೊಂಡು ಕಣ್ಣು ಕಿರಿದು ಮಾಡಿ ನೋಡಿದರು. ಎರಡು ಜಡೆಯ ಹುಡುಗಿ ಹತ್ತಿರ ಬಂದು ಅವರ ಕೈಯನ್ನು ಸಣ್ಣಗೆ ಚಿವುಟಿದಳು.

“ಅದಲ್ಲ, ಈ ಕೈ ಚಿವುಟು. ಅದಕ್ಕೆ ಗೊತ್ತಾಗಲ್ಲ” ಎಂದು ದೊಡ್ಡ ಮಿಸ್ ಬಲಗೈ ಚಾಚಿದರು. ಹುಡುಗಿ ಚಿವುಟಿದಳು. ಅವರು “ಹಾ” ಎಂದರು. “ನಾನು ಬೀಪಿ ಮಾತ್ರೆ ನುಂಗೋದು ಬಿಟ್ಟಿದ್ದೆ. ಅದಕ್ಕೇ ಬಿದ್ದೆ. ನಿಮ್ಮಿಂದ ಅಲ್ಲ ಮಕ್ಕಳಾ.”

ಗಲಾಟೆ ಅಂದೇನೂ ಮರಳಲಿಲ್ಲ. ಮೊದಲು ಪೆನ್ಸಿಲಿಗಾಗಿ ಒಂದು ಪಿಸುಮಾತಿನ ಜಗಳ, ಆಮೇಲೆ ಒಂದು ನಗು, ಮಳೆಗಾಲ ಕಳೆಯುವಷ್ಟರಲ್ಲಿ ಪೂರಾ ಸಂತೆ. ಹದ್ದು ಮಿಸ್ ಮತ್ತೆ ಮಕ್ಕಳ ಜಾಗ ಬದಲಿಸಿ ಕೂರಿಸಬೇಕಾಯಿತು, ಕಣ್ಣು ಬಿಟ್ಟು ಗುರಾಯಿಸಬೇಕಾಯಿತು. ಹೆಡ್‌ಮಿಸ್ ಬಂದು “ಏನ್ರೀ ಇದು?” ಎಂದಾಗ, “ಪಾಠ ನಡೀತಿದೆ ಮೇಡಂ” ಎಂದು ಬಾಗಿಲು ಮುಂದೆ ಮಾಡಿದಳು.

ಎರಡು ಜಡೆಯ ಹುಡುಗಿ ಮಾತ್ರ ಆ ವರ್ಷವಿಡೀ ದನಿ ಎತ್ತಲಿಲ್ಲ. ಆಯಾ ಅವಳನ್ನು ಕರೆದು, ನಾನು ಅಂದಿದ್ದು ತಪ್ಪು ಕಂದಾ, ಎಂದು ಹೇಳಿದ್ದೂ ಆಯಿತು. ಅವಳು ತಲೆಯಾಡಿಸಿ ಕೇಳಿಸಿಕೊಂಡಳು. ನಂಬಿದಳೋ ಇಲ್ಲವೋ, ಹದ್ದು ಮಿಸ್‌ಗೂ ಕಂಡುಹಿಡಿಯಲಾಗಲಿಲ್ಲ.